ಕಣ್ಣಾರೆ ಕಂಡ ಸಾಕ್ಷ್ಯ

ಬಳ್ಳಾರಿ ರಸ್ತೆಯ ಹುಣಸಮಾರನಹಳ್ಳಿಯಲ್ಲಿ ಒಂದು ಮುಸ್ಸಂಜೆ ಸುಲಿಗೆಯಾಯಿತೆಂದು ವಾಚಕರು ಊಹಿಸಿಕೊಳ್ಳಲಿ. ಸುಲಿಗೆಗೊಳಗಾದವನು ಅಪರಿಚಿತನ ಮುಖವನ್ನು ಕಂಡದ್ದು ಕೆಲವೇ ಕ್ಷಣ. ಆಗಲೂ ದೃಷ್ಟಿ ನೆಟ್ಟಿದ್ದುದು ಹೆಚ್ಚಾಗಿ ಚೂರಿಯ ಮೇಲೆ. ತಿಂಗಳುಗಳ ಬಳಿಕ ನ್ಯಾಯಾಲಯದಲ್ಲಿ ಆರೋಪಿಯನ್ನು ತೋರಿಸಿ ಆತನು “ಇವನೇ” ಎನ್ನುತ್ತಾನೆ. ಆತನು ಬೇಕೆಂದು ಸುಳ್ಳಾಡುತ್ತಿಲ್ಲ. ಆದರೂ ಆ ಮಾತು ನಿಜವೆ? ಒಬ್ಬನ ಸೆರೆವಾಸದ ವರ್ಷಗಳು ಈ ಪ್ರಶ್ನೆಗೆ ಕಟ್ಟುಬಿದ್ದಿರುತ್ತವೆ.

ನೆನಪನ್ನು ಛಾಯಾಚಿತ್ರಕ್ಕೆ ಹೋಲಿಸುವುದು ವಾಡಿಕೆ, ಹೋಲಿಕೆ ಸರಿಯಲ್ಲ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರವನ್ನು ತೋರಿಸಿ, 50 ಮಂದಿಯನ್ನು ಕಾರುಗಳು “ಢಿಕ್ಕಿ ಹೊಡೆದಾಗ” ವೇಗವೆಷ್ಟಿತ್ತೆಂದೂ, ಮತ್ತೆ 50 ಮಂದಿಯನ್ನು “ಅಪ್ಪಳಿಸಿದಾಗ” ಎಷ್ಟಿತ್ತೆಂದೂ ಕೇಳಿದರು. ವಾರದ ತರುವಾಯ ಒಡೆದ ಗಾಜನ್ನು ಕಂಡಿರಾ ಎಂದು ವಿಚಾರಿಸಲು, ಮೊದಲ ಗುಂಪಿನಲ್ಲಿ 7 ಮಂದಿಯೂ ಎರಡನೆಯದರಲ್ಲಿ 16 ಮಂದಿಯೂ ಹೌದೆಂದರು. ಚಿತ್ರದಲ್ಲಿ ಗಾಜೇ ಒಡೆದಿರಲಿಲ್ಲ!

ಒಂದು ಶಬ್ದದ ಪ್ರಭಾವ ಇಷ್ಟಾದರೆ, ಪೊಲೀಸರು ಮೊದಲೇ ತೋರಿಸಿದ ಒಂದು ಭಾವಚಿತ್ರ ಏನು ಮಾಡೀತು? ಸುಲಿಗೆಗಾರನ ಮಸುಕು ಮುಖದ ಸ್ಥಾನವನ್ನು ಚಿತ್ರದ ಸ್ಪಷ್ಟ ಮುಖವು ಆಕ್ರಮಿಸಬಹುದು. ಆಮೇಲಿನ ಗುರುತು ಪರೇಡಿನಲ್ಲಿ ಸಾಕ್ಷಿಯು ಚಿತ್ರದವನನ್ನೇ ಆರಿಸಬಹುದು. ಕರ್ನಾಟಕದಿಂದ ಹೋದ ಒಂದು ಮೇಲ್ಮನವಿಯಲ್ಲಿ, ಶಂಕಿತನು ಪರೇಡಿಗೆ ಲಭ್ಯನಿರುವಾಗ ಆತನ ಭಾವಚಿತ್ರವನ್ನು ಸಾಕ್ಷಿಗೆ ಮುಂಚಿತವಾಗಿ ತೋರಿಸಲೇಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಹೇಳಿತು.

ಸಾಕ್ಷಿಗಳು ಹಲವರಿದ್ದರೆ ಭಯವಿಲ್ಲವೆನ್ನುವವರುಂಟು. ಅವರು ಲಂಡನ್ನಿನ ಅಡಾಲ್ಫ್ ಬೆಕ್ಕನ ಕಥೆಯನ್ನು ಕೇಳಬೇಕು. 1896ರಲ್ಲಿ ಅನೇಕ ಮಹಿಳೆಯರು ತಮ್ಮನ್ನು ವಂಚಿಸಿದವನು ಈತನೇ ಎಂದರು. ಏಳು ವರ್ಷಗಳ ಸಜೆಯಾಯಿತು. ಹೊರಬಂದವನು 1904ರಲ್ಲಿ ಪುನಃ ಅದೇ ಬಗೆಯ ಅಪರಾಧಕ್ಕೆ ತಪ್ಪಿತಸ್ಥನೆನಿಸಿದನು. ಅಷ್ಟರಲ್ಲಿ ನಿಜವಾದ ವಂಚಕನು ಸಿಕ್ಕಿಬಿದ್ದನು! ಅಂದು ಅಲ್ಲಿ ಕ್ರಿಮಿನಲ್ ಮೇಲ್ಮನವಿಯ ನ್ಯಾಯಾಲಯವೇ ಇರಲಿಲ್ಲ. 1907ರ ಕಾನೂನಿನಿಂದ ಅದು ಹುಟ್ಟಲು ಬೆಕ್ಕನ ಪಾಡೂ ಒಂದು ಕಾರಣ.

ನಮ್ಮ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋದಾಗ ಸಾಮಾನ್ಯವಾಗಿ ಸಾಕ್ಷಿ ಮತ್ತೆ ಬರುವುದಿಲ್ಲ, ಬರುವುದು ಕಾಗದಪತ್ರ. ಬಲ್ಲ ವಕೀಲನು ಅದರಲ್ಲಿ ಅರಸುವುದು ಸಣ್ಣ ಸಂಗತಿಗಳನ್ನು: ಮೊದಲ ದೂರಿನಲ್ಲಿ ಎತ್ತರ, ಮೈಬಣ್ಣ, ಗಾಯದ ಕಲೆ ಬರೆದಿತ್ತೆ? ಬಂಧನಕ್ಕೂ ಪರೇಡಿಗೂ ನಡುವೆ ಎಷ್ಟು ದಿನ ಕಳೆಯಿತು? ಆ ನಡುವೆ ಠಾಣೆಯಲ್ಲಿ ಆರೋಪಿಯು ಸಾಕ್ಷಿಯ ಕಣ್ಣಿಗೆ ಬಿದ್ದಿದ್ದನೆ? ಸಾಲಿನಲ್ಲಿ ನಿಂತ ಇತರರು ಆತನ ವಯಸ್ಸಿನವರೆ, ಮೈಕಟ್ಟಿನವರೆ? ಸಾಕ್ಷಿಯ ಧೈರ್ಯದ ಮಾತಿಗೆ ಆತನು ಅಷ್ಟಾಗಿ ಬೆರಗಾಗಬೇಕಿಲ್ಲ. ಸರಿಯಾದವನನ್ನೇ ಗುರುತಿಸಿದಿರಿ ಎಂದು ಯಾರಾದರೂ ಹೇಳಿದರೆ ಸಾಕು, ತಪ್ಪಾಗಿ ಗುರುತಿಸಿದವನಿಗೂ ಮೊದಲಿನಿಂದ ತನಗೆ ಖಚಿತವಿತ್ತೆಂದೇ ತೋರುವುದೆಂದು 1998ರ ಪ್ರಯೋಗಗಳು ತೋರಿಸಿವೆ.