ಕರಗದ ಸಸಾರಜನಕ: ಹಿಂಡಿಯ ಚೀಟಿ ಹೇಳದ ಮಾತು



ಹೋದ ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಗೆ ಪೇಟೆಯಿಂದ ಐದು ಚೀಲ ಹಿಂಡಿ ತರಿಸಿದ್ದೆವು. ಚೀಟಿಯಲ್ಲಿ ಸಸಾರಜನಕ ಶೇಕಡಾ 30 ಎಂದಿತ್ತು. ಬೆಲೆಯೂ ಕೊಂಚ ಅಗ್ಗ. ಬಣ್ಣ ಮಾತ್ರ ಕಪ್ಪು, ಮೂಗಿಗೆ ಹಿಡಿದರೆ ಸೀದ ವಾಸನೆ. ದನಗಳು ತಿಂದವು. ಆದರೆ ಹದಿನೈದು ದಿನದಲ್ಲಿ ಹಾಲು ಇಳಿಯಿತು. ಹಳೆಯ ಹಿಂಡಿಗೆ ಮರಳಿದ ಮೇಲೆ ಮತ್ತೆ ಏರಿತು. ಅನುಮಾನಪಟ್ಟು ಪರೀಕ್ಷೆ ಮಾಡಿಸಿದರೆ ಲೆಕ್ಕ 30ರ ಆಸುಪಾಸೇ ಬಂತು. ಚೀಟಿ ಸುಳ್ಳಲ್ಲ, ದನವೂ ಸುಳ್ಳು ಹೇಳುವುದಿಲ್ಲ. ಹಾಗಾದರೆ ತಪ್ಪು ಎಲ್ಲಿ?

ತಪ್ಪು ಅಳೆಯುವ ಕ್ರಮದಲ್ಲಿದೆ. 1883ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಯೋಹಾನ್ ಕೆಲ್ಡಾಲ್ ಎಂಬ ರಸಾಯನ ಶಾಸ್ತ್ರಜ್ಞರು ರೂಪಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಮಾದರಿಯನ್ನು ಪ್ರಬಲ ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿರುವ ಸಾರಜನಕವನ್ನು ಅಳೆದು, 6.25ರಿಂದ ಗುಣಿಸುತ್ತಾರೆ. ಬಂದ ಉತ್ತರವೇ ‘ಕಚ್ಚಾ ಸಸಾರಜನಕ’. ಆ ಆಮ್ಲ ಎಲ್ಲವನ್ನೂ ಕರಗಿಸುತ್ತದೆ. ದನದ ಹೊಟ್ಟೆ ಹಾಗಲ್ಲ.

ನೀರಿನಲ್ಲಿ ಕರಗದ್ದೆಲ್ಲ ಕೆಟ್ಟದ್ದು ಎಂದು ತಿಳಿಯಬೇಡಿ. ಹಸಿ ಮೊಟ್ಟೆಯ ಬಿಳಿ ಭಾಗ ನೀರಿಗೆ ಬೆರೆಯುತ್ತದೆ, ಬೆಂದದ್ದು ಬೆರೆಯದು. ಆದರೂ ಬೆಂದ ಮೊಟ್ಟೆ ಚೆನ್ನಾಗಿ ಜೀರ್ಣವಾಗುತ್ತದೆ. ಹೊಟ್ಟೆಯ ರಸಕ್ಕೂ ಬಗ್ಗದ ಸಸಾರಜನಕವೇ ನಮ್ಮ ಚಿಂತೆ. ಅದರಲ್ಲಿ ಮೂರು ಬಗೆ.

ಮೊದಲನೆಯದು ಹುಟ್ಟಿನಿಂದಲೇ ಗಟ್ಟಿಯಾದದ್ದು. ಕೂದಲು, ಕೊಂಬು, ಗೊರಸು, ಗರಿ ಇವು ಬಹುಪಾಲು ಸಸಾರಜನಕವೇ. ಆದರೆ ಎಳೆ ಎಳೆಗಳ ನಡುವೆ ಗಂಧಕದ ಕೊಂಡಿಗಳಿರುವುದರಿಂದ ಬಿಡಿಸಿಕೊಳ್ಳುವುದಿಲ್ಲ. ಬೆಕ್ಕು ನುಂಗಿದ ಕೂದಲು ಉಂಡೆಯಾಗಿಯೇ ಹೊರಬರುವುದನ್ನು ಎಲ್ಲರೂ ಕಂಡಿದ್ದೇವೆ.

ಎರಡನೆಯದು ಒಗರಿನಿಂದ ಕಟ್ಟುಬಿದ್ದದ್ದು. ಅಡಿಕೆ ಬೇಯಿಸುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಚೊಗರನ್ನು ನಾಲಿಗೆಗೆ ಹಚ್ಚಿದರೆ ಬಾಯಿ ಹಿಡಿದಂತಾಗುತ್ತದಲ್ಲ, ಅದು ಎಂಜಲಿನ ಸಸಾರಜನಕ ಟ್ಯಾನಿನ್ನಿಗೆ ಅಂಟಿ ಕರಗದಂತಾಗುವುದರ ಅನುಭವ. ಇದೇ ಗುಣದಿಂದ ಚೊಗರು ಚರ್ಮ ಹದ ಮಾಡಲು ಬರುತ್ತದೆ: ಹಸಿ ತೊಗಲು ಕೊಳೆಯುತ್ತದೆ, ಟ್ಯಾನಿನ್ ಹಿಡಿದ ತೊಗಲು ಕೊಳೆಯದು. ಚರ್ಮಕ್ಕೆ ಗುಣವಾದದ್ದು ಮೇವಿಗೆ ದೋಷ.

ಮೂರನೆಯದು ಸೀದುಹೋದದ್ದು. ಗಾಣದಲ್ಲಿ ಕಾವು ಮಿತಿಮೀರಿದರೆ, ಇಲ್ಲವೆ ಒದ್ದೆ ಹಿಂಡಿಯನ್ನು ಒಟ್ಟಿದಾಗ ಒಳಗೇ ಬಿಸಿಯೇರಿದರೆ, ಸಸಾರಜನಕದಲ್ಲಿರುವ ಲೈಸಿನ್ ಎಂಬ ಅಂಶ ಸಕ್ಕರೆಯೊಡನೆ ಬೆಸೆದುಕೊಳ್ಳುತ್ತದೆ. 1912ರಲ್ಲಿ ಫ್ರಾನ್ಸಿನ ಲೂಯಿ ಮೆಯಾರ್ ವಿವರಿಸಿದ ಕ್ರಿಯೆ ಇದು. ಕಾಫಿ ಬೀಜ ಹುರಿದಾಗ ಕಂದುಬಣ್ಣ, ಪರಿಮಳ ಬರುವುದೂ ಬಹುಮಟ್ಟಿಗೆ ಇದರಿಂದಲೇ. ಲೋಟದಲ್ಲಿ ಸೊಗಸು, ಬಾನಿಯಲ್ಲಿ ನಷ್ಟ. ನಮ್ಮ ಐದು ಚೀಲದ ಕಥೆ ಇದೇ ಎಂದು ನಮ್ಮ ಎಣಿಕೆ.

ಪಲ್ಪರಿನಿಂದ ಬರುವ ಕಾಫಿ ಹಣ್ಣಿನ ಸಿಪ್ಪೆಯನ್ನು ದನಕ್ಕೆ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಒಣ ತೂಕದಲ್ಲಿ ಕಚ್ಚಾ ಸಸಾರಜನಕ ಸುಮಾರು ಶೇಕಡಾ 10 ಎಂದು ಲೆಕ್ಕ ಬರುತ್ತದೆ. ಆದರೆ ಸಿಪ್ಪೆಯಲ್ಲಿ ಟ್ಯಾನಿನ್ ಇದೆ, ಕೆಫೀನೂ ಇದೆ. ಕೆಫೀನಿನ ತೂಕದಲ್ಲಿ ಶೇಕಡಾ 29ರಷ್ಟು ಸಾರಜನಕವೇ. ಹಾಗಾಗಿ ಶೇಕಡಾ 1ರಷ್ಟು ಕೆಫೀನ್ ಇದ್ದರೆ 1.8ರಷ್ಟು ಸಸಾರಜನಕ ಇದ್ದಂತೆ ಚೀಟಿಯಲ್ಲಿ ಕಾಣುತ್ತದೆ, ಇರುವುದಿಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲದಲ್ಲಿ ರಿಕಾರ್ಡೋ ಬ್ರೆಸಾನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಇದನ್ನು ವಿವರವಾಗಿ ಅಭ್ಯಾಸ ಮಾಡಿದರು. ಸಿಪ್ಪೆ ಹೆಚ್ಚಾದಂತೆ ದನ ತಿನ್ನುವುದೂ ಕಡಿಮೆ, ಬೆಳವಣಿಗೆಯೂ ಕಡಿಮೆ. ಸಿಪ್ಪೆಗೆ ಗೊಬ್ಬರದ ಗುಂಡಿಯೇ ಯೋಗ್ಯ ಸ್ಥಳ.

ಹಾಗಾದರೆ ತಿಳಿಯುವುದು ಹೇಗೆ? 1960ರ ದಶಕದಲ್ಲಿ ಅಮೆರಿಕದ ಪೀಟರ್ ವಾನ್ ಸೋಸ್ಟ್ ಒಂದು ದಾರಿ ತೋರಿದರು. ಮೇವನ್ನು ಆಮ್ಲ ಬೆರೆತ ಮಾರ್ಜಕದಲ್ಲಿ ಒಂದು ಗಂಟೆ ಕುದಿಸಿ ಸೋಸಿದರೆ ಗಟ್ಟಿ ನಾರು ಉಳಿಯುತ್ತದೆ. ಆ ನಾರಿಗೆ ಅಂಟಿಕೊಂಡ ಸಾರಜನಕ ದನಕ್ಕೆ ಬಹುಮಟ್ಟಿಗೆ ದಕ್ಕುವುದಿಲ್ಲ. ಶೇಕಡಾ 30ರ ಎರಡು ಚೀಲಗಳಿವೆ ಎನ್ನಿ. ಒಂದರಲ್ಲಿ ಹತ್ತನೇ ಒಂದು ಪಾಲು ಹೀಗೆ ಕಟ್ಟುಬಿದ್ದಿದ್ದರೆ ಉಳಿದದ್ದು 27. ಇನ್ನೊಂದರಲ್ಲಿ ಮೂರನೇ ಒಂದು ಪಾಲಾದರೆ ಉಳಿದದ್ದು 20. ಚೀಟಿ ಒಂದೇ, ಬೆಲೆ ಒಂದೇ. ಹಾಲು ಒಂದೇ ಆಗದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಹಿಂಡಿ ಕೊಳ್ಳುವಾಗ ಚೀಟಿಗಿಂತ ಮೊದಲು ಬಣ್ಣ ನೋಡಿ, ಮೂಸಿ ನೋಡಿ. ಕಪ್ಪಾಗಿ ಸೀದದ್ದನ್ನು ಅಗ್ಗವೆಂದು ತರಬೇಡಿ. ಹಿಂಡಿಯನ್ನು ಒದ್ದೆ ನೆಲದಲ್ಲಿ ಒಟ್ಟಬೇಡಿ. ಹತ್ತಾರು ಜನ ಸೇರಿ ಒಂದೇ ಲಾರಿ ತರಿಸುವಾಗ ಒಂದು ಮಾದರಿಯನ್ನು ಪ್ರಯೋಗಶಾಲೆಗೆ ಕಳಿಸಿ, ಕಚ್ಚಾ ಸಸಾರಜನಕದ ಜೊತೆಗೆ ಆಮ್ಲ ಮಾರ್ಜಕದಲ್ಲಿ ಕರಗದ ಸಾರಜನಕವನ್ನೂ ಕೇಳಿ. ಪರೀಕ್ಷೆಯ ಖರ್ಚು ಹಂಚಿಕೊಂಡರೆ ಹಗುರ. ಇಳಿದ ಹಾಲಿನ ನಷ್ಟವನ್ನು ಮಾತ್ರ ಅವರವರೇ ಹೊರಬೇಕು. ನಾವು ಹೊತ್ತು ಕಲಿತದ್ದು ಇದು.