ತುರಿಕೆಯ ಗುಳಿಗೆ: ಕೇಳಿ ತಗೊಳ್ಳಿ

ಹೊಲದಲ್ಲಿ ಕಳೆ ತೆಗೆಯುವಾಗ, ಬಟ್ಟೆ ಒಗೆಯುವಾಗ ಹೆಂಗಸರು ಮೆಲ್ಲಗೆ ಆಡುವ ಮಾತೊಂದಿದೆ.

"ಯಕ್ಕಾ, ಬಿಳೇದು ಹೋಗ್ತೈತಿ. ಕೆಳಗ ತುರಿಕಿ ತಡಿಯಾಕ ಆಗವಲ್ದು."

"ನನಗೂ ಹೋದ ವರ್ಷ ಹಂಗ ಆಗಿತ್ತವ್ವಾ. ಡಾಕ್ಟರು ಒಂದೇ ಗುಳಿಗಿ ಕೊಟ್ಟಿದ್ರು. ಅದನ್ನ ಅಂಗಡ್ಯಾಗ ಕೇಳಿ ತಗೋ."

ಮಾತು ಪ್ರೀತಿಯದೇ. ಆದರೆ ಅಕ್ಕನಿಗೆ ಗುಣ ಕೊಟ್ಟ ಗುಳಿಗೆ ತಂಗಿಗೆ ಅಪಾಯ ತರಬಹುದು. ಹೇಗೆ ಎಂದು ನೋಡೋಣ.

ಹೆಂಗಸರಿಗೆ ಸ್ವಲ್ಪ ಬಿಳಿ ಹೋಗುವುದು ಸಹಜ. ಬಸುರಿ ಇದ್ದಾಗ ಇನ್ನೂ ಹೆಚ್ಚು ಹೋಗುತ್ತದೆ. ಎಲುಬು ಕರಗಿ ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ಎಲುಬು ಕರಗುವುದಿಲ್ಲ. ಆದರೆ ಬಿಳಿಯು ಒಡೆದ ಮೊಸರಿನಂತೆ ಗಟ್ಟಿಯಾಗಿ ಬಂದರೆ, ಜೊತೆಗೆ ತುರಿಕೆ, ಉರಿ ಇದ್ದರೆ ಅದು ಯೀಸ್ಟ್ ಸೋಂಕು ಇರಬಹುದು.

ಯೀಸ್ಟ್ ಎಂದರೇನು? ಮಳೆಗಾಲದಲ್ಲಿ ರೊಟ್ಟಿಯ ಮೇಲೆ ಬೂಸ್ಟು ಬರುತ್ತದಲ್ಲ, ಅದೇ ಜಾತಿಯ ಜೀವಿ. ಕಣ್ಣಿಗೆ ಕಾಣದಷ್ಟು ಸಣ್ಣದು. ಈಚಲ ಹೆಂಡ ನೊರೆ ಬರುವುದೂ ಯೀಸ್ಟಿನಿಂದಲೇ. ಬಹಳ ಹೆಂಗಸರ ಮೈಯಲ್ಲಿ ಇದು ಸ್ವಲ್ಪ ಇದ್ದೇ ಇರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯಾದರೆ, ಆಂಟಿಬಯೋಟಿಕ್ ಗುಳಿಗೆ ನುಂಗಿದರೆ ಅದು ಹೆಚ್ಚಾಗುತ್ತದೆ. ಮೈಲಾರದ ಜಾತ್ರೆಗೆ ಹೋಗಿ ತುಂಗಭದ್ರೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ದಿನ ಕಳೆದರೂ ತುರಿಕೆ ಹೆಚ್ಚಬಹುದು. ಇದು ನಡತೆ ಕೆಟ್ಟು ಬರುವ ರೋಗ ಅಲ್ಲ. ನಾಚಿಕೊಂಡು ಮುಚ್ಚಿಡಬೇಕಾದ್ದೇನೂ ಇಲ್ಲ.

ಇದಕ್ಕೆ ಡಾಕ್ಟರು ಕೊಡುವ ಗುಳಿಗೆಯ ಹೆಸರು ಫ್ಲುಕೊನಜೋಲ್. ಸಾಮಾನ್ಯವಾಗಿ 150 ಮಿಲಿಗ್ರಾಂನ ಒಂದು ಗುಳಿಗೆ, ಒಂದೇ ಸಲ. ಊಟಕ್ಕೆ ಮೊದಲೂ ನುಂಗಬಹುದು, ನಂತರವೂ ನುಂಗಬಹುದು. ಒಂದೇ ಸಾಕೇ ಎಂದು ಕೇಳುವವರಿದ್ದಾರೆ. ಸಾಕು. ಈ ಔಷಧಿ ನುಂಗಿದ ಮೇಲೆ ಕೆಲವು ದಿನ ಮೈಯಲ್ಲೇ ಉಳಿದು ಕೆಲಸ ಮಾಡುತ್ತದೆ. ತುರಿಕೆ ಕಡಿಮೆಯಾಗಲು ಒಂದರಿಂದ ಮೂರು ದಿನ ಬೇಕು. ಸಂಜೆಗೇ ಗುಣ ಕಾಣಲಿಲ್ಲವೆಂದು ಇನ್ನೊಂದು ನುಂಗಬೇಡಿ. ವಾರ ಕಳೆದರೂ ಕಡಿಮೆಯಾಗದಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ.

ಗುಳಿಗೆಯ ಚೀಟಿಯ ಮೇಲೆ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಇರಲಿ. ಬಸ್ಸಿನ ನಂಬರು ಓದುವ ನಿಮಗೆ ಅಂಕಿ ಓದಲು ಬರುತ್ತದೆ. 150 ಎಂದು ಇದೆಯೇ ನೋಡಿ. ಇದೇ ಗುಳಿಗೆ 200, 400 ಎಂದೂ ಬರುತ್ತದೆ. ಅವು ಬೇರೆ ಕಾಯಿಲೆಗಳಿಗೆ, ಬೇರೆ ಲೆಕ್ಕದಲ್ಲಿ ಕೊಡುವಂಥವು. ಅವಧಿ ಮುಗಿಯುವ ತಿಂಗಳು, ವರ್ಷವನ್ನೂ ಓದಿ. ದಾಟಿದ್ದರೆ ಅಂಗಡಿಯವನಿಗೆ ವಾಪಸು ಕೊಡಿ.

ಈಗ ಮುಖ್ಯ ಮಾತು. ಮುಟ್ಟು ನಿಂತಿದ್ದರೆ, ಬಸುರಿ ಇರಬಹುದು ಎಂಬ ಅನುಮಾನ ಇದ್ದರೂ ಸಹ, ಈ ಗುಳಿಗೆ ನುಂಗಬೇಡಿ. ಡೆನ್ಮಾರ್ಕ್ ಎಂಬ ದೇಶದಲ್ಲಿ ಇದನ್ನು ನುಂಗಿದ ಮೂರು ಸಾವಿರಕ್ಕೂ ಹೆಚ್ಚು ಬಸುರಿಯರ ಲೆಕ್ಕ ನೋಡಿದರು. ನುಂಗದವರಿಗಿಂತ ನುಂಗಿದವರಲ್ಲಿ ಗರ್ಭ ಇಳಿದುಹೋದದ್ದು ಹೆಚ್ಚು ಎಂದು 2016ರಲ್ಲಿ ತಿಳಿಸಿದರು. ಬಸುರಿಯರಿಗೆ ಬೇರೆ ಔಷಧಿ ಇದೆ. ಒಳಗೆ ಇಟ್ಟುಕೊಳ್ಳುವ ಗುಳಿಗೆ ಅಥವಾ ಮುಲಾಮನ್ನು ಡಾಕ್ಟರು ಕೊಡುತ್ತಾರೆ. ಹಾಲು ಕುಡಿಸುವ ತಾಯಿಯೂ ಡಾಕ್ಟರಿಗೆ ಹೇಳಬೇಕು. ಒಂದೇ ಗುಳಿಗೆಯಾದರೆ ಸಾಮಾನ್ಯವಾಗಿ ಹಾಲು ಬಿಡಿಸುವುದು ಬೇಕಾಗುವುದಿಲ್ಲ.

ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುತ್ತಿದ್ದೀರಾ? ಕೆಲವು ಸಕ್ಕರೆ ಗುಳಿಗೆಗಳ ಜೊತೆ ಇದು ಸೇರಿದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಬರುತ್ತದೆ. ಮೂರ್ಛೆ ರೋಗ, ಹೃದಯದ ತೊಂದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ, ಹಿಂದೆ ಆದ ಕಾಮಣಿ, ಇವನ್ನೂ ಹೇಳಲೇಬೇಕು. ನೆನಪಿನಿಂದ ಹೇಳುವುದು ಕಷ್ಟ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ.

ಗುಳಿಗೆ ನುಂಗಿದ ಮೇಲೆ ಸ್ವಲ್ಪ ತಲೆನೋವು, ಹೊಟ್ಟೆನೋವು ಬರಬಹುದು, ಹೋಗುತ್ತದೆ. ಆದರೆ ಮೈಮೇಲೆ ಗುಳ್ಳೆ ಎದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ, ಕಣ್ಣು ಹಳದಿಯಾದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಎಲ್ಲ ಬಿಳಿಯೂ ಯೀಸ್ಟ್ ಅಲ್ಲ ಎಂಬುದೂ ಗೊತ್ತಿರಲಿ. ಮೀನಿನಂಥ ಕೆಟ್ಟ ವಾಸನೆ, ಹಸಿರು ಅಥವಾ ಹಳದಿ ಬಣ್ಣ, ಕಿಬ್ಬೊಟ್ಟೆ ನೋವು, ಜ್ವರ, ರಕ್ತ ಇದ್ದರೆ ಅದು ಬೇರೆ ಕಾಯಿಲೆ. ಅದಕ್ಕೆ ಈ ಗುಳಿಗೆ ನಾಟುವುದಿಲ್ಲ. ಅಂಥ ಕೆಲವು ಕಾಯಿಲೆಗಳಲ್ಲಿ ಗಂಡನಿಗೂ ಔಷಧಿ ಬೇಕಾಗುತ್ತದೆ. ಯೀಸ್ಟ್ ಆದರೆ, ಅವನಿಗೂ ತುರಿಕೆ ಇದ್ದರೆ ಮಾತ್ರ ತೋರಿಸಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ತುರಿಕೆ ಬಂದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇರುವುದು ಎಷ್ಟೋ ಹೆಂಗಸರಿಗೆ ಹೀಗೇ ಗೊತ್ತಾಗುತ್ತದೆ.

ಗಂಡಸು ಡಾಕ್ಟರ ಮುಂದೆ ಹೇಳಲು ಸಂಕೋಚವಾದರೆ ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಇಲ್ಲವೇ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಹೋದಾಗ ನರ್ಸಮ್ಮನಿಗೆ ಹೇಳಿ. ಮಾತು ಹೊರಡದಿದ್ದರೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: "ಬಿಳಿ ಹೋಗುತ್ತದೆ. ತುರಿಕೆ ಇದೆ. ಮುಟ್ಟಾಗಿ ಇಷ್ಟು ದಿನ ಆಯಿತು."