ದಿಲ್ಲಿಯ ಬಸ್ಸು ಡೀಸೆಲ್ ಬಿಟ್ಟ ಬಗೆ

ವಕೀಲ ಎಂ.ಸಿ. ಮೆಹ್ತಾ ದಿಲ್ಲಿಯ ಹೊಗೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು 1985ರಲ್ಲಿ. ಅಲ್ಲಿನ ಸಿಟಿ ಬಸ್ಸುಗಳು ಡೀಸೆಲ್‌ನಿಂದ ಬಿಡುಗಡೆ ಹೊಂದಿದ್ದು 2002ರ ಕೊನೆಗೆ. ನಡುವಿನ ಬಹುಪಾಲು ವರ್ಷಗಳು ನೋಟಿಸು, ಅಫಿಡವಿಟ್ಟು, ವಾಯಿದೆಗಳಲ್ಲೇ ಕಳೆದವು.

ಕತೆಗೆ ಬಿರುಸು ಬಂದದ್ದು 1996ರಲ್ಲಿ. ಪರಿಸರವಾದಿ ಅನಿಲ್ ಅಗರ್ವಾಲ್ ಅವರ ವಿಜ್ಞಾನ ಮತ್ತು ಪರಿಸರ ಕೇಂದ್ರ ಆ ವರ್ಷ ವಾಹನಗಳ ಹೊಗೆಯ ಬಗ್ಗೆ ವರದಿ ತಂದಿತು. 1998ರಲ್ಲಿ ಭೂರೇಲಾಲ್ ನೇತೃತ್ವದ ಪರಿಸರ ಮಾಲಿನ್ಯ ನಿಯಂತ್ರಣ ಪ್ರಾಧಿಕಾರ ಕೊಟ್ಟ ಶಿಫಾರಸುಗಳನ್ನು ಒಪ್ಪಿದ ನ್ಯಾಯಾಲಯ, ಜುಲೈ 28ರಂದು ಆದೇಶವನ್ನೇ ಹೊರಡಿಸಿತು: 2001ರ ಮಾರ್ಚ್ 31ರೊಳಗೆ ದಿಲ್ಲಿಯ ಎಲ್ಲ ಬಸ್ಸುಗಳೂ ಸಿಎನ್‌ಜಿಯಲ್ಲೇ, ಅಂದರೆ ಒತ್ತಡದಲ್ಲಿ ತುಂಬಿದ ನೈಸರ್ಗಿಕ ಅನಿಲದಲ್ಲೇ, ಓಡಬೇಕು.

ಗಡುವು ಬಂತು, ಅನಿಲ ಸಾಲಲಿಲ್ಲ. ಕೊಳವೆಮಾರ್ಗಕ್ಕೆ ನೇರವಾಗಿ ಹೊಂದಿಕೊಂಡ ‘ಮದರ್ ಸ್ಟೇಷನ್’ಗಳು ಕಡಿಮೆ. ಅಲ್ಲಿಂದ ಸಿಲಿಂಡರ್ ಹೊತ್ತು ಬರುವ ಲಾರಿಗಳನ್ನು ಕಾಯುವ ‘ಡಾಟರ್ ಸ್ಟೇಷನ್’ಗಳಲ್ಲಿ ಒತ್ತಡ ಇಳಿದುಹೋಗಿ ಟ್ಯಾಂಕು ಅರ್ಧವೇ ತುಂಬುತ್ತಿತ್ತು. 200 ಬಾರ್‌ನಷ್ಟು ಒತ್ತಡವಿದ್ದರೆ ಮಾತ್ರ ಬಸ್ಸಿಗೆ ಸಾಕಾಗುವಷ್ಟು ಅನಿಲ ಹಿಡಿಸೀತು. ಬಸ್ಸುಗಳಂತೆ ಸಿಎನ್‌ಜಿಗೆ ಬದಲಾಗಿದ್ದ ಆಟೋಗಳ ಚಾಲಕರು ಗಂಟೆಗಟ್ಟಲೆ ಸರದಿಯಲ್ಲಿ ನಿಂತು ದುಡಿಮೆಯ ಹೊತ್ತನ್ನು ಕಳೆದುಕೊಂಡರು. ಈ ಬದಲಾವಣೆಯ ನಿಜವಾದ ಬೆಲೆ ತೆತ್ತವರು ಅವರೇ. ಸಿಎನ್‌ಜಿಯ ಗೆಲುವನ್ನು ಹೊಗಳುವ ಬರಹಗಳಲ್ಲಿ ಅವರ ಹೆಸರೇ ಬರುವುದಿಲ್ಲ.

ಈ ಪರದಾಟದ ನಡುವೆ ಕೇಂದ್ರ ಸರ್ಕಾರ ನೇಮಿಸಿದ, ವಿಜ್ಞಾನಿ ಮಾಶೇಲ್ಕರ್ ನೇತೃತ್ವದ ಸಮಿತಿ ಬೇರೆಯೇ ದಾರಿ ಹೇಳಿತು. ಹೊಗೆಯ ಮಿತಿಯನ್ನು ಸರ್ಕಾರ ನಿಗದಿ ಮಾಡಲಿ, ಇಂಧನದ ಆಯ್ಕೆಯನ್ನು ವಾಹನದವರಿಗೆ ಬಿಡಲಿ ಎಂಬುದು ಅದರ ವಾದ. ಕಾಗದದ ಮೇಲೆ ಇದು ಒಪ್ಪುವ ಮಾತೇ. ಆದರೆ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವುದು ದಂಧೆಯಾಗಿದ್ದ ಊರಲ್ಲಿ ಯಾವ ಬಂಕನ್ನು ಯಾರು ಕಾಯುತ್ತಾರೆ? ಅನಿಲಕ್ಕೆ ಸೀಮೆಎಣ್ಣೆ ಬೆರೆಸಲಾಗದು. ನನ್ನ ಮಟ್ಟಿಗೆ ಸಿಎನ್‌ಜಿಯ ಪರವಾಗಿದ್ದ ಅತ್ಯಂತ ಗಟ್ಟಿಯಾದ ಕಾರಣ ಇದೇ.

2002ರ ಏಪ್ರಿಲ್ 5ರಂದು ನ್ಯಾಯಾಲಯ ಸಮಿತಿಯ ಮಾತನ್ನು ತಳ್ಳಿಹಾಕಿತು. ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ ದಂಡ, ತಿಂಗಳು ಕಳೆದರೆ 1,000. ಅನಿಲ ಹಂಚುವಾಗ ಕಾರ್ಖಾನೆಗಿಂತ ಸಾರಿಗೆಗೆ ಆದ್ಯತೆ. ಅನಿಲ್ ಅಗರ್ವಾಲ್ ಇದನ್ನು ನೋಡಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಕ್ಯಾನ್ಸರ್ ಅವರನ್ನು ಒಯ್ದಿತ್ತು.

ಬಸ್ಸುಗಳ ಕಪ್ಪು ಹೊಗೆ ನಿಂತರೂ ಹೆಚ್ಚುತ್ತಲೇ ಹೋದ ಕಾರು, ಬೈಕುಗಳು ಆ ಲಾಭವನ್ನು ತಿಂದುಹಾಕಿದವು. ದಿಲ್ಲಿಯ ದಾರಿ ಹಿಡಿಯೋಣವೆಂದರೆ, ನಮ್ಮ ಬೆಂಗಳೂರಿಗೆ ಮಹಾರಾಷ್ಟ್ರದ ದಾಭೋಲ್‌ನಿಂದ ಅನಿಲದ ಕೊಳವೆಮಾರ್ಗ ಬಂದದ್ದೇ 2013ರಲ್ಲಿ. ಅಷ್ಟರಲ್ಲಿ ಇಲ್ಲಿನ ಆಟೋಗಳು ಎಲ್‌ಪಿಜಿಗೆ ಒಗ್ಗಿಹೋಗಿದ್ದವು. ಡೀಸೆಲ್‌ನಲ್ಲೇ ಉಳಿದಿದ್ದ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿ ಮುಂದೆ ಹೆಚ್ಚಾಗಿ ವಿದ್ಯುತ್ ಬಸ್ಸುಗಳತ್ತ ಹೊರಳಿತು.